ಮರದ ಡೆಕ್ಕು, ಮಾತು ಬಿಟ್ಟ ತಮ್ಮ

ದೇವರು ಕೆಲವರ ಕೈಯಿಂದ ಕೆಲಸ ಮಾಡಿಸುತ್ತಾನೆ, ಕೆಲವರ ಕೈಯಿಂದ ಊರನ್ನು ನಗಿಸುತ್ತಾನೆ. ನಾನು ಮೊದಲನೆಯ ಸಾಲಿನವನು ಅಂತ ಬಹಳ ವರ್ಷ ನಂಬಿಕೊಂಡಿದ್ದೆ. ಗುಂಡ್ಲುಪೇಟೆಯಲ್ಲಿ ನನ್ನದು ದೇವರ ಮಂಟಪ ಮಾಡುವ ಮರಗೆಲಸದ ಅಂಗಡಿ. ಹಣೆಗೆ ವಿಭೂತಿ ಇಟ್ಟು, ಮಾದಪ್ಪನ ಪಟಕ್ಕೆ ಕೈಮುಗಿಯದೆ ಒಂದು ದಿನವೂ ಉಳಿ ಹಿಡಿದವನಲ್ಲ. ಹಾಗಿದ್ದೂ ಎರಡು ವರ್ಷದಿಂದ ನನಗೆ ಒಂದರ ಮೇಲೊಂದು ಪ್ರಸಂಗ. ಎಲ್ಲ ಶುರುವಾಗಿದ್ದು ಒಂದು ಪ್ಲಾಸ್ಟಿಕ್ ಹಡಗಿನಿಂದ.

ಹಡಗು ಯಾಕೆ ಅಂತ ಮೊದಲು ಹೇಳಿಬಿಡಬೇಕು.

ನನ್ನ ತಮ್ಮ ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿದ್ದ. ಈಗ ನಿವೃತ್ತನಾಗಿ ಚಾಮರಾಜನಗರದಲ್ಲಿ ಮನೆ ಮಾಡಿಕೊಂಡಿದ್ದಾನೆ. ಹನ್ನೊಂದು ವರ್ಷದ ಹಿಂದೆ ನಮ್ಮವ್ವ ತೀರಿಕೊಂಡಾಗ ಅವನು ಹಡಗಿನಲ್ಲಿದ್ದ. ದಡಕ್ಕೆ ಬಂದವನೇ ಫೋನು ಮಾಡಿದ. "ಅಣ್ಣ, ನಾಳೆ ಮಧ್ಯಾಹ್ನಕ್ಕೆ ಬಂದ್ಬುಡ್ತೀನಿ, ಅವ್ವನ ಮುಖ ನೋಡ್ಬೇಕು, ಇಟ್ಕೊಂಡಿರಿ." ಪಂಚಾಂಗ ನೋಡಿದ ಹಿರಿಯರು, ನಾಳೆಯ ದಿನ ಒಳ್ಳೆಯದಲ್ಲ, ಮನೆಗೆ ಕೇಡು, ಇವತ್ತೇ ಹೊತ್ತು ಮುಳುಗುವುದರೊಳಗೆ ಆಗಬೇಕು ಅಂದರು. ನಾನು ನಂಬಿದೆ. ಮಣ್ಣು ಮಾಡಿಬಿಟ್ಟೆ. ಪಂಚಾಂಗ ನೋಡಿದೆ, ತಮ್ಮನ ದಾರಿ ನೋಡಲಿಲ್ಲ. ಮಾರನೆಯ ದಿನ ಅವನು ಬಂದ, ಹಸಿ ಮಣ್ಣಿನ ಗುಡ್ಡೆ ನೋಡಿದ, ನನ್ನನ್ನು ನೋಡಿದ. ಅವತ್ತಿನಿಂದ ಮಾತಿಲ್ಲ.

ಮನೆಗೆ ಕೇಡಾಗಬಾರದು ಅಂತ ಮಾಡಿದ್ದು. ಆದ ಕೇಡು ಅದೊಂದೇ.

ಎಷ್ಟೋ ಸೋಮವಾರ ಉಪವಾಸ ಇದ್ದೆ, ಎಷ್ಟೋ ಜನರನ್ನು ಮಧ್ಯಸ್ಥಿಕೆಗೆ ಕಳಿಸಿದೆ. ಕೊನೆಗೆ ನನ್ನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾರೋ ಒಬ್ಬ ಪ್ಲಾಸ್ಟಿಕ್ಕಿನ ಯುದ್ಧನೌಕೆಗೆ ಮರದ ಡೆಕ್ಕು ಕೂರಿಸುತ್ತಿದ್ದ. ಈ ಹಡಗು ಬಿಡಿ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ, ನಾವು ಕೂತು ಅಂಟಿಸಬೇಕು. ನಾವಿಕರು ಓಡಾಡುವ ಮೇಲ್ನೆಲವೂ ಅದರಲ್ಲಿ ಪ್ಲಾಸ್ಟಿಕ್ಕೇ. ಅದು ಬೇಡ, ನಿಜವಾದ ಮರವೇ ಇರಲಿ ಅನ್ನುವವರಿಗೆ ವೀಳ್ಯದೆಲೆಯಷ್ಟು ತೆಳ್ಳಗಿನ ಮರದ ಹಾಳೆ ಬೇರೆ ಮಾರುತ್ತಾರೆ. ಹಿಂಬದಿಯಲ್ಲಿ ಅಂಟು. ಕಾಗದ ಕಿತ್ತು ಒಮ್ಮೆ ಕೂರಿಸಿದರೆ ಮುಗಿಯಿತು, ಎತ್ತಿ ಸರಿಮಾಡುವ ಹಾಗಿಲ್ಲ. ಸತ್ತವರಿಗೆ ಹಾಕಿದ ಮಣ್ಣಿನ ಹಾಗೆ.

ತಮ್ಮನಿಗೆ ಒಂದು ಹಡಗು ಮಾಡಿಕೊಡುತ್ತೇನೆ, ಅದನ್ನು ನೋಡಿಯಾದರೂ ಅವನು ನನ್ನನ್ನು 'ಅಣ್ಣ' ಅಂದಾನು ಅಂತ ಅವತ್ತು ಸಂಕಲ್ಪ ಮಾಡಿದೆ. ಮುಂದಿನದೆಲ್ಲ ಆ ಸಂಕಲ್ಪದ ಫಲ.

ಚೀನಾದ ಕಾಡು

ನಮ್ಮ ಮಂಡಿಯಿಂದ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿ ಡ್ರೈವರ್ ಒಬ್ಬ ನನಗೆ ಪರಿಚಯ. ಮಲಯಾಳಿ, ಸತ್ಯವಂತ. ಕೋಳಿಕ್ಕೋಡಿನಲ್ಲಿ ಇಂಥ ಹಡಗು ಮಾರುವ ಅಂಗಡಿ ಇದೆಯೆಂದು ಅವನೇ ವಿಚಾರಿಸಿ ಹೇಳಿದ. "ಇದ್ದುದರಲ್ಲಿ ದೊಡ್ಡದು ತಗೊಂಡು ಬಾಪ್ಪ, ಮರದ ಡೆಕ್ಕೂ ಸೇರಿಸಿ" ಅಂತ ಹೇಳಿ ಕಳಿಸಿದೆ.

ವಾಪಸು ಬರುವಾಗ ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡು ಖಾಲಿ ಲಾರಿ ನೋಡಿ, ದಿನದ ಅಭ್ಯಾಸದಂತೆ, "ಮರ ಗಿರ ಏನಾದ್ರೂ ಐತಾ?" ಅಂದನಂತೆ.

ನಮ್ಮ ಸತ್ಯವಂತ, "ಮರ ಉಂಟು ಸಾರೇ" ಅಂದ.

ಲಾರಿ ಪಕ್ಕಕ್ಕೆ ನಿಂತಿತು. ಪರ್ಮಿಟ್ ಎಲ್ಲಿ? ಇಲ್ಲ. ಎಷ್ಟು ಮರ? ಒಂದು. ಎಲ್ಲಿ? ಡ್ರೈವರ್ ಸೀಟಿನ ಹಿಂದಿನಿಂದ ಒಂದು ಲಕೋಟೆ ತೆಗೆದುಕೊಟ್ಟ. ಗಾರ್ಡು ಲಕೋಟೆ ಬಿಚ್ಚಿದ, ಹಾಳೆ ಎತ್ತಿ ಬಿಸಿಲಿಗೆ ಹಿಡಿದ, ಮೂಸಿದ. ಮರ ಹೌದು. ಹೌದಾದ ಮೇಲೆ ಬಿಡುವ ಹಾಗಿಲ್ಲ. ಟೇಪು ತಂದ. ಉದ್ದ ಒಂದು ಮೊಳ ಚಿಲ್ಲರೆ, ಅಗಲ ನಾಲ್ಕು ಬೆರಳು. ದಪ್ಪ ಅಳೆಯಲು ಟೇಪಿನಲ್ಲಿ ಅಷ್ಟು ಸಣ್ಣ ಗೀಟು ಸಿಗಲಿಲ್ಲ.

"ಯಾವ ಕಾಡಿನ ಮರ ಇದು?"

ಡ್ರೈವರ್ ಪೆಟ್ಟಿಗೆ ತಿರುಗಿಸಿ ನೋಡಿ, "ಚೀನಾ ಸಾರೇ" ಅಂದ.

ಗಾರ್ಡು ನಿಟ್ಟುಸಿರು ಬಿಟ್ಟು ಲಕೋಟೆ ವಾಪಸು ಕೊಟ್ಟ. "ಚೀನಾ ಕಾಡು ನಮ್ಮ ರೇಂಜಿಗೆ ಬರಾಕಿಲ್ಲ, ಓಗು."

ಯಾವ ದೇವರು

ಹಡಗು ಅಂಗಡಿಗೆ ಬಂದ ಮೇಲೆ ನನ್ನ ವ್ಯಾಪಾರದ ಬಂಡವಾಳ ಬಯಲಾಯಿತು. ಮೊದಲೆಲ್ಲ ಮೇಜಿನ ಮೇಲೆ ಅರ್ಧ ಕೆತ್ತಿದ ಮಂಟಪ ಇರುತ್ತಿತ್ತು. ಈಗ ಜನ ಮಂಟಪವನ್ನು ಪೇಟೆಯ ಶೋರೂಮಿನಿಂದ ಒಯ್ಯುತ್ತಾರೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಒಳಗೆ ಬಣ್ಣದ ದೀಪ, ಸ್ವಿಚ್ಚು ಹಾಕಿದರೆ ಓಂಕಾರ. ಅಂಥ ದೇವರಿಗೆ ನನ್ನ ಹಲಸಿನ ಮರ ಯಾಕೆ ಬೇಕು? ಹಾಗಾಗಿ ಮೇಜು ಖಾಲಿಯಿತ್ತು, ಹಡಗು ಅದರ ಮೇಲೆ ಕೂತಿತು.

ಪ್ಲಾಸ್ಟಿಕ್ ಡೆಕ್ಕಿನ ಮೇಲೆ ಉಬ್ಬಿರುವ ಗೆರೆ, ಕೊಂಡಿಗಳನ್ನೆಲ್ಲ ಉಜ್ಜಿ ಸಮ ಮಾಡದಿದ್ದರೆ ಮರ ಕೂರುವುದಿಲ್ಲ. ನಾನು ತಲೆ ಬಗ್ಗಿಸಿ ಉಪ್ಪುಕಾಗದ ತಿಕ್ಕುತ್ತಿದ್ದಾಗ ಭೀಮನಬೀಡಿನ ಹೆಂಗಸೊಬ್ಬರು ಮಂಟಪ ಕೇಳಿಕೊಂಡು ಬಂದರು. ತುಂಬ ದಿನದ ಮೇಲೆ ಬಂದ ಗಿರಾಕಿ. ಹಡಗನ್ನು ಸುತ್ತ ನೋಡಿದರು, ಭಕ್ತಿಯಿಂದಲೇ ಕೇಳಿದರು.

"ಸ್ವಾಮಿ, ಇದರೊಳಗೆ ಯಾವ ದೇವರನ್ನ ಕೂರುಸ್ತೀರಿ?"

"ದೇವರಿಗಲ್ಲ ಕಣವ್ವ, ನನ್ನ ತಮ್ಮನಿಗೆ."

"ಅಷ್ಟು ಒಳ್ಳೇವ್ರಾ ನಿಮ್ಮ ತಮ್ಮ?"

"ಒಂಬತ್ತು ವರ್ಷ ಆಯ್ತು, ನನ್ನ ಹತ್ರ ಒಂದು ಮಾತೂ ಆಡಿಲ್ಲ."

ಆಕೆ ಕೈ ಎತ್ತಿ ಮುಗಿದರು. "ಹಂಗಾದ್ರೆ ದೇವ್ರೇ ಬುಡಿ. ನಮ್ಮೆಜಮಾನ್ರೂ ಹಂಗೇ ಇದ್ದಿದ್ರೆ ದಿನಾ ಕಾಯಿ ಒಡೀತಿದ್ದೆ."

ಮಂಟಪವನ್ನು ಶೋರೂಮಿನಲ್ಲೇ ತೆಗೆದುಕೊಂಡರಂತೆ.

ಆಯುಧಪೂಜೆ

ನನ್ನ ಹೆಂಡತಿ ನನಗಿಂತ ಒಂದು ಕೈ ಮೇಲಿನ ಭಕ್ತೆ. ಆಯುಧಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಡಿಯ ಗರಗಸ, ಉಳಿ, ತೋಪಡ, ಡ್ರಿಲ್ಲು ಎಲ್ಲಕ್ಕೂ ಅರಿಶಿನ ಕುಂಕುಮ ಬಿದ್ದಿತ್ತು. ಹಡಗಿಗೂ ಬಿದ್ದಿತ್ತು.

ಅಂಟಿಸುವ ಮೊದಲು ಅಳತೆ ಸರಿಯಿದೆಯೇ ಅಂತ ಮರದ ಹಾಳೆಯನ್ನೂ ತೋಪುಗಳನ್ನೂ ಹಾಗೇ ಅದರ ಮೇಲೆ ಇಟ್ಟು ನೋಡಿ ಬಿಟ್ಟಿದ್ದೆ. ಆಕೆ ಒಂಬತ್ತು ತೋಪಿನ ಬಾಯಿಗೂ ಒಂದೊಂದು ಬೊಟ್ಟಿಟ್ಟು, ಮುಂದಲೆಗೆ ಮೂರು ಪಟ್ಟೆ ವಿಭೂತಿ ಎಳೆದು, ಅರಿಶಿನದ ನೀರನ್ನು ಮಾವಿನೆಲೆಯಲ್ಲಿ ಅದ್ದಿ ಧಾರಾಳವಾಗಿ ಪ್ರೋಕ್ಷಣೆ ಮಾಡಿದ್ದಳು. ಹಸಿ ಮರಕ್ಕಿಂತ ಒಣ ಮರಕ್ಕೆ ಬಾಯಾರಿಕೆ ಹೆಚ್ಚು. ಆ ತೆಳುಹಾಳೆ ಅಷ್ಟೂ ಅರಿಶಿನ ಕುಡಿದು, ಉಬ್ಬಿ, ಹಪ್ಪಳದ ಹಾಗೆ ಮೇಲೆದ್ದು ನಿಂತಿತ್ತು.

ಏನು ಹೇಳಲಿ? ಉಜ್ಜಿ ತೆಗೆಯೋಣ ಅಂದರೆ ಪೂಜೆಯ ಅರಿಶಿನ. ಬೈಯೋಣ ಅಂದರೆ ಹಬ್ಬ. ಮೆಲ್ಲಗೆ ಅಂದೆ, "ಯುದ್ಧದ ಹಡಗು ಕಣೆ. ಇದಕ್ಯಾಕೆ ಇಷ್ಟು ಅಲಂಕಾರ?"

"ಹೊಸದಾಗಿ ಮನೆಗೆ ಬಂದದೆ. ಮದುವಣಗಿತ್ತಿ ಹಂಗೆ ಕಾಣ್ಲಿ ಅಂತ."

"ಮದುವಣಗಿತ್ತಿಗೆ ಒಂಬತ್ತು ತೋಪು ಇರ್ತವಾ?"

ಆಕೆ ಮಂಗಳಾರತಿ ತಟ್ಟೆ ನನ್ನ ಮುಂದೆ ಹಿಡಿದು ಹೇಳಿದಳು. "ನಾನು ನಿಮ್ಮವ್ವನ ಮನೆಗೆ ಬಂದಾಗ ಇರಬೇಕಾಗಿತ್ತು ಬುಡಿ."

ಬಾಯಿಗೆ ಬಂದ ದೋಣಿ

ಎರಡನೆಯ ಡೆಕ್ಕಿಗೆ ಹೇಳಿ ಕಳಿಸಿ, ಅದು ಬರುವವರೆಗೆ ಸಣ್ಣ ಭಾಗಗಳನ್ನು ಬಿಡಿಸೋಣ ಅಂತ ಕೂತೆ. ಇವನ್ನೆಲ್ಲ ಡೆಕ್ಕು ಕೂರಿಸಿದ ಮೇಲೆ ಅಂಟಿಸಬೇಕು. ಲಂಗರು, ಏಣಿ, ಜೀವರಕ್ಷಕ ದೋಣಿ. ಒಂದೊಂದೂ ಅಕ್ಕಿ ಕಾಳಿನಷ್ಟು, ಹೆಚ್ಚೆಂದರೆ ತೊಗರಿ ಕಾಳಿನಷ್ಟು. ಅಂಗಡಿಯಲ್ಲಿ ಗಾಳಿಗೆ ಹಾರಿಹೋಗುತ್ತವೆಂದು ಮನೆಯ ನಡುಮನೆಗೆ ತಂದು ಕೂತಿದ್ದೆ. ಪಕ್ಕದಲ್ಲೇ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ದೋಣಿ ಕತ್ತರಿಸುವಾಗ ಟಣ್ಣೆಂದು ಹಾರಿತು. ಮಂಚದ ಕೆಳಗೆಲ್ಲ ಹುಡುಕಿದೆ. ಮೊರದೊಳಗೆ ಹುಡುಕಲು ಹೊಳೆಯಲಿಲ್ಲ.

ಅವತ್ತು ಸೋಮವಾರ. ಮಾದಪ್ಪನ ಪದ ಹಾಡಿಕೊಂಡು ಬರುವ ದೇವರಗುಡ್ಡರೊಬ್ಬರಿಗೆ ಊಟಕ್ಕೆ ಹೇಳಿದ್ದೆವು. ವಯಸ್ಸಾದವರು, ಬಾಯಲ್ಲಿ ಉಳಿದಿದ್ದೇ ಎಣಿಸುವಷ್ಟು ಹಲ್ಲು. ಎರಡನೇ ತುತ್ತಿಗೇ ಕಟುಕ್ ಅಂತ ಸದ್ದಾಯಿತು. ಅವರು ಬಾಯಿಗೆ ಕೈ ಹಾಕಿ ಎರಡು ವಸ್ತು ತೆಗೆದು ಅಂಗೈ ಮೇಲಿಟ್ಟುಕೊಂಡರು. ಒಂದು ಹಲ್ಲು. ಇನ್ನೊಂದನ್ನು ಬೆಳಕಿಗೆ ಹಿಡಿದರು.

"ಏನಪ್ಪ ಇದು?"

"ದೋಣಿ ಸ್ವಾಮಿ" ಅಂದೆ, ನೆಲ ನೋಡುತ್ತಾ. ತಪ್ಪಾಯಿತು ಅಂತ ಕಾಲಿಗೆ ಬಿದ್ದೆ.

ಅವರು ಎರಡನ್ನೂ ಎಲೆಯ ಅಂಚಿಗೆ ಇಟ್ಟರು. ಆಮೇಲೆ ಮಾದಪ್ಪನ ಪಟದ ಕಡೆ ತಿರುಗಿ, ಖಾಲಿಯಾದ ಜಾಗದಿಂದ ಗಾಳಿ ಬಿಡುತ್ತಾ ಹೇಳಿದರು. "ಸಂಸಾರ ಸಾಗರ ದಾಟ್ಸಪ್ಪ, ದಾಟ್ಸಪ್ಪ ಅಂತ ಐವತ್ತು ವರ್ಸದಿಂದ ಬೇಡ್ಕತಿದ್ದೆ. ದೋಣಿ ಕಳ್ಸವ್ನೆ. ಹಲ್ಲು ಮಾತ್ರ ಮುಂಗಡ ಕಿತ್ಕಂಡವ್ನೆ."

ಅರ್ಧ ಹರಕೆ

ಎರಡನೆಯ ಡೆಕ್ಕು ಬಂತು. ಈ ಸಲ ಯಾರ ಕೈಗೂ ಸಿಗದಂತೆ ಬೀರುವಿನಲ್ಲಿಟ್ಟೆ. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿದೆ. ಪಂಚಾಂಗದ ಮೇಲೆ ಅಷ್ಟಾದರೂ ಮೊದಲಿನ ನಂಬಿಕೆ ಉಳಿದಿತ್ತು. ಬಾಗಿಲು ಹಾಕಿ, ದೀಪ ಹಚ್ಚಿ, ಹಿಂಬದಿಯ ಕಾಗದವನ್ನು ನಿಧಾನವಾಗಿ ಕಿತ್ತೆ. ಎಲ್ಲೂ ಹರಿಯಲಿಲ್ಲ. ಕಣ್ಣಲ್ಲಿ ನೀರು ಬಂತು.

ಯಾವ ಕೆಲಸ ಶುರು ಮಾಡುವಾಗಲೂ ನಮ್ಮಪ್ಪ ಕಲಿಸಿದ್ದು ಒಂದೇ. ಕೈಯಲ್ಲಿರುವುದನ್ನು ಕಣ್ಣಿಗೊತ್ತಿಕೊಂಡು ಶುರು ಮಾಡು. ಉಳಿ ಇರಲಿ, ಹಲಗೆ ಇರಲಿ. ನಲವತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಮೇಲೆ ಹೋಯಿತು.

ಕಣ್ಣಿಗೊತ್ತಿಕೊಂಡೆ. ಅಂಟಿನ ಬದಿಯನ್ನೇ.

ಒಳ್ಳೆಯ ಅಂಟು, ಅದನ್ನು ಒಪ್ಪಬೇಕು. ಹೆಂಡತಿ ಬಂದು ಕೊಬ್ಬರಿ ಎಣ್ಣೆ ಅಂದಳು, ಮರ ಹಾಳಾಗುತ್ತದೆ ಬೇಡ ಅಂದೆ. "ಮುಖ ಹಾಳಾಗೋದು ಪರವಾಗಿಲ್ವಾ?" ಅಂದಳು. ಕಣ್ಣು ಮುಚ್ಚಿ, ಮಾದಪ್ಪನನ್ನು ನೆನೆದು, ಎಳೆದೆ. ಡೆಕ್ಕು ಬಿಟ್ಟುಬಂತು. ಎಡಗಡೆಯ ಹುಬ್ಬನ್ನೂ ಕರೆದುಕೊಂಡೇ ಬಂತು. ಚಿಮಟದಲ್ಲಿ ಒಂದೊಂದೇ ಕೂದಲು ಕಿತ್ತು, ಅಂಟು ಸತ್ತ ಜಾಗಕ್ಕೆ ಬೇರೆ ಅಂಟು ಸವರಿ, ಅದೇ ಹೊತ್ತಿನಲ್ಲಿ ಕೂರಿಸಿದೆ. ಒಂದು ಕೂದಲಿನಷ್ಟೂ ಅತ್ತಿತ್ತ ಇಲ್ಲದೆ ಕೂತಿತು. ಕೂದಲು ಮಾತ್ರ ಒಂದೆರಡು ಒಳಗೇ ಉಳಿದವು.

ಮೂರೇ ದಿನಕ್ಕೆ ಸಂತೆಮರಹಳ್ಳಿಯಲ್ಲಿ ನೆಂಟರ ಮದುವೆ. ಒಂದು ಹುಬ್ಬಿನಲ್ಲೇ ಹೋದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ದೊಡ್ಡಪ್ಪನ ಮಗ ನನ್ನನ್ನೇ ದಿಟ್ಟಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದ. "ಮಾದಪ್ಪಂಗೆ ಮುಡಿ ಕೊಡೋದ ಕೇಳಿದ್ದೆ ಕಣಣ್ಣ. ಹುಬ್ಬು ಕೊಡೋದ ಇವತ್ತೇ ನೋಡಿದ್ದು. ಇನ್ನೊಂದ ಯಾವಾಗ ಕೊಡ್ತೀಯ?"

ಪಂಕ್ತಿಯೆಲ್ಲ ನಕ್ಕಿತು. ಎದುರು ಸಾಲಿನಲ್ಲಿ ನನ್ನ ತಮ್ಮ ಕೂತಿದ್ದ. ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಹುಬ್ಬಿನ ಜಾಗ ನೋಡಿದ. ನಗುತ್ತಾನೇನೋ ಅಂತ ನಾನೇ ಮೊದಲು ನಕ್ಕೆ. ಅವನು ಸಾರಿನ ಬಕೆಟ್ಟು ಹಿಡಿದವನನ್ನು ಕರೆದು, "ಇಲ್ಲಿಗೆ ಬಾಪ್ಪ" ಅಂದ.

ನನಗೆ ಆ ಬಕೆಟ್ಟಿನವನ ಮೇಲೆ ಹೊಟ್ಟೆಕಿಚ್ಚಾಯಿತು.

ನೀರಿಲ್ಲದ ಊರಿಗೆ

ಹಡಗು ಮುಗಿಯಿತು. ಅವ್ವನ ತಿಥಿ ಕಳೆದ ಮಾರನೆಯ ದಿನ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹತ್ತಿ ತುಂಬಿ, ಚಾಮರಾಜನಗರದ ಬಸ್ಸು ಹತ್ತಿದೆ. ಪೆಟ್ಟಿಗೆ ತೊಡೆಯ ಮೇಲೆ. ಬಸ್ಸು ಒಂದೊಂದು ಹಳ್ಳಕ್ಕೆ ಇಳಿದಾಗಲೂ ನಾನು ಪೆಟ್ಟಿಗೆಯನ್ನು ಎತ್ತಿ ಹಿಡಿಯುತ್ತಿದ್ದೆ. ಕೂಸು ಎತ್ತಿಕೊಂಡವರಿಗೂ ಅಷ್ಟು ಕಷ್ಟ ಇರಲಿಲ್ಲ. ಪಕ್ಕದಲ್ಲಿ ಕೂತ ಅಜ್ಜ ನಾಲ್ಕೈದು ಸಲ ನೋಡಿ, ತಡೆಯಲಾರದೆ ಕೇಳಿದ.

"ಒಳಗೇನಪ್ಪ? ಮೊಟ್ಟೆಯಾ?"

"ಹಡಗು ಕಣಜ್ಜ."

"ಎಲ್ಲೀಗೆ?"

"ಚಾಮರಾಜನಗರಕ್ಕೆ."

ಅಜ್ಜ ಎಲೆಯಡಿಕೆ ಕಿಟಕಿಯಾಚೆ ಉಗಿದು, ಕನಿಕರದಿಂದ ಹೇಳಿದ. "ನಮ್ಮ ಮಗಳ್ನ ಅಲ್ಲೀಗೇ ಕೊಟ್ಟಿರೋದು. ವಾರಕ್ಕೊಂದು ಕಿತ ಬುಡ್ತಾರೆ ನೀರ, ಅದೂವೆ ಎರಡು ಬಿಂದಿಗೆ. ಈ ಹಡಗು ಬರ್ತದೆ ಅಂತ ಮುಂಚೇನೆ ನಲ್ಲಿಯೋರ್ಗೆ ಹೇಳಿದ್ದೀಯಾ?"

ಮಾತಾಡಿಸದವನು

ತಮ್ಮನ ಮನೆಯ ಬಾಗಿಲು ತೆರೆದಿದ್ದು ಅವನ ಹೆಂಡತಿ. "ಅಯ್ಯೋ, ಬಾವ! ಬನ್ನಿ, ಕುಂತ್ಕಳಿ" ಅಂದಳು. ತಮ್ಮ ಹಜಾರದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಪೇಪರು ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ ಹೆಂಡತಿಗೆ ಅಪ್ಪಣೆಯಾಯಿತು.

"ಬಂದಿರೋರಿಗೆ ಕಾಫಿ ಬೇಕಾ ಕೇಳು."

"ಕಾಫಿ ಬೇಕಾ ಬಾವ?"

"ಬೇಡ ಅಂತ ಹೇಳಮ್ಮ."

"ಬೇಡ್ವಂತೆ."

"ಏನು ತಂದವ್ರೆ ಕೇಳು."

"ಏನು ತಂದಿದ್ದೀರಿ ಬಾವ?"

"ಹಡಗು. ಅವನಿಗೆ ಅಂತಲೇ ಮಾಡಿದ್ದು ಅಂತ ಹೇಳಮ್ಮ."

ಮೂವರೂ ಒಂದೇ ಕೋಣೆಯಲ್ಲಿದ್ದೆವು, ನಡುವೆ ನಾಲ್ಕು ಅಡಿ ಜಾಗ. ಆಕೆ ಪಾಪ, ಆ ಕಡೆ ಈ ಕಡೆ ಕತ್ತು ತಿರುಗಿಸಿ ತಿರುಗಿಸಿ, "ನಿಮ್ಮಿಬ್ರಿಗೂ ಏನೂ ಆಗಾಕಿಲ್ಲ, ನನ್ನ ಕತ್ತು ಉಳುಕ್ತದೆ" ಅಂದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕುವ ವಾಸನೆ ಬಂತು. ಆಕೆ ಓಡಿದಳು.

ಈಗ ನಾವಿಬ್ಬರೇ. ತಂತಿ ಕಡಿದ ಹಾಗಾಯಿತು. ನಾನು ಪೆಟ್ಟಿಗೆ ಬಿಚ್ಚಿ ಹಡಗನ್ನು ಟೀಪಾಯಿಯ ಮೇಲಿಟ್ಟೆ. ಪೇಪರು ಒಂದು ಕಡೆಯಿಂದ ಬಾಗಿತು. ಆಮೇಲೆ ಮಡಿಚಿತು. ತಮ್ಮ ಎದ್ದ, ಕನ್ನಡಕ ಹಾಕಿಕೊಂಡ, ಬಗ್ಗಿದ. ಮುಂದಲೆಯಿಂದ ಹಿಂದಲೆಯವರೆಗೆ ನನ್ನ ಡೆಕ್ಕಿನ ಮೇಲೆ ಹೆಬ್ಬೆರಳು ಸವರಿದ. ನನ್ನ ಜೀವ ಆ ಬೆರಳಿನ ಜೊತೆಗೇ ಸರಿಯಿತು. ಮಾದಪ್ಪ, ಒಂದೇ ಒಂದು ಮಾತು ಆಡಿಸಪ್ಪ ಅಂತ ಒಳಗೇ ಬೇಡಿದೆ.

ಆಡಿಸಿದ.

"ಅಲ್ಲ ಕಣಣ್ಣ! ನಿಂಗೆ ಬುದ್ಧಿ ಗಿದ್ಧಿ ಏನಾದ್ರೂ ಅದಾ? ನಮ್ಮ ಹಡಗಿನ ಮೇಲೆ ಎಲ್ಲಿತ್ತು ಮರ? ಒಂದು ಚಕ್ಕೆ ಇರ್ಲಿಲ್ಲ! ಬರೀ ಕಬ್ಬಿಣ! ಇಪ್ಪತ್ತೆರಡು ವರ್ಷ ಕಬ್ಬಿಣದ ಮೇಲೆ ನಿಂತಿದ್ದೀನಿ, ಬಿಸಿಲಲ್ಲಿ ಬೂಟಿನೊಳಗೆ ಕಾಲು ಬೇಯ್ತಿತ್ತು. ಇದು ಯಾರ್ದೋ ತಾತನ ಕಾಲದ್ದು, ಅದೂ ನಮ್ಮ ದೇಶದ್ದಲ್ಲ. ಯಾವ ಹಡಗು ಅಂತ ಒಂದು ಮಾತು ಕೇಳೋಕಾಗ್ಲಿಲ್ವಾ?"

ಕೇಳಬೇಕಾದರೆ ಮಾತಿರಬೇಕಲ್ಲ. ಎರಡು ವರ್ಷ, ಎರಡು ಡೆಕ್ಕು, ಒಂದು ಹುಬ್ಬು, ಪರರ ಒಂದು ಹಲ್ಲು ಖರ್ಚಾಗಿ, ಮರವೇ ಇಲ್ಲದ ಹಡಗಿಗೆ ನಾನು ಮರ ಕೂರಿಸಿದ್ದೆ. ನನ್ನ ಕಿವಿಯಲ್ಲಿ ಮಾತ್ರ ಅವನ ಮೊದಲನೆಯ ಮಾತೇ ನಿಂತುಬಿಟ್ಟಿತ್ತು. ಕಣಣ್ಣ.

"ತಪ್ಪಾಯ್ತು ಕಣೋ" ಅಂದೆ.

ಅವನು ಕನ್ನಡಕ ತೆಗೆದ. "ಯಾವುದು?"

"ಇದೂ. ಅವತ್ತು ನೀನು ಬರೋವರೆಗೆ ಅವ್ವನನ್ನ ಇಟ್ಕೊಳ್ಳದೆ ಹೋದೆನಲ್ಲ, ಅದೂ."

ಅವನು ಏನೋ ಹೇಳಲು ಬಾಯಿ ತೆರೆದ. ತೆರೆದಾಗ ಅವನಿಗೆ ತಾನು ಇಷ್ಟು ಹೊತ್ತೂ ಯಾರ ಜೊತೆ ಮಾತಾಡುತ್ತಿದ್ದೇನೆ ಅಂತ ಅರಿವಾಯಿತು ಅಂತ ಕಾಣುತ್ತದೆ. ಮುಖ ಕೆಂಪಗಾಯಿತು. ದಡಕ್ಕನೆ ಕುರ್ಚಿಗೆ ಹೋಗಿ ಕೂತು, ಪೇಪರು ತಲೆಕೆಳಗಾಗಿ ಹಿಡಿದು, ಅಡುಗೆಮನೆಯ ಕಡೆಗೆ ಕೂಗಿದ.

"ಲೇ! ನಾನು ಇವರನ್ನ ಮಾತಾಡ್ಸಿಲ್ಲ ಅಂತ ಹೇಳು ಇವರಿಗೆ!"

ಒಳಗಿನಿಂದ ಪಾತ್ರೆ ತಿಕ್ಕುತ್ತಲೇ ಆಕೆ ಕೂಗಿದಳು. "ಬಾವ, ಅವರು ನಿಮ್ಮನ್ನ ಮಾತಾಡ್ಸಿಲ್ವಂತೆ!"

"ಆಗ್ಲಿ ಕಣಮ್ಮ" ಅಂದೆ, ಹೆಗಲ ಮೇಲಿನ ವಲ್ಲಿಯಲ್ಲಿ ಕಣ್ಣೊರೆಸಿಕೊಂಡು. "ನಾನೂ ಕೇಳಿಸ್ಕೊಂಡಿಲ್ಲ ಅಂತ ಹೇಳು."